ಬಾಲ್ಟಿ ಹಿಡಿದ ಸಿಪಾಯಿ

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯಲ್ಲಿದ್ದ ಸೊಸೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಓಡಿ ಬಂದಳು. "ಏನ್ರಿ ಅತ್ತಿ ಇದು, ಸಿರ್ಕಾದ ಬಾಟ್ಲಿ ಒಡದದೇನು?" ಅಂದಳು. ಅವಳದೇನೂ ತಪ್ಪಿಲ್ಲ. ನಮ್ಮ ಬೀದರಿನ ಹೋಟೆಲುಗಳಲ್ಲಿ ಉಳ್ಳಾಗಡ್ಡಿಯನ್ನು ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಸಿ ಕೊಡುತ್ತಾರಲ್ಲ, ಅದೇ ಮೂಗು ಚುಚ್ಚುವ ಹುಳಿ ವಾಸನೆ ಪಡಸಾಲೆ ತುಂಬಿತ್ತು. ಹಳೆಯ ಸಿನಿಮಾ ರೀಲು ಕೆಡುವಾಗ ಹೀಗೇ ಹುಳಿ ನಾರುತ್ತದೆಂದು ಆಪರೇಟರನ ಮಗಳಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವನ ಟ್ರಂಕಿನ ಜೊತೆ ಬಂದ ಬಿಸ್ಕೀಟಿನ ತಗಡಿನ ಡಬ್ಬಿ ಅದು. ಮೊಮ್ಮಗಳು ಪ್ರಜ್ಞಾ ಅಟ್ಟದಿಂದ ಇಳಿಸಿ ತಂದು ಕೈಗೆ ಕೊಟ್ಟಳು ಅಂತ ತೆರೆದೆ. ಇಲ್ಲವಾದರೆ ತೆರೆಯುತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಹೆಡ್‌ಮಾಸ್ತರಿಗೂ ಹೆದರದವಳು, ಸಿಟ್ಟಿಗೆ ಹೆಸರಾದವಳು. ಈ ಒಂದು ಡಬ್ಬಿಯ ಮುಂದೆ ಮಾತ್ರ ನನ್ನ ಸಿಟ್ಟು ನಡೆಯುವುದಿಲ್ಲ. ಯಾಕೆಂದರೆ ಇದರೊಳಗೆ ಇರುವುದು ನಾನು ಮಾಡಿದ ತಪ್ಪು.

ಭಾಲ್ಕಿಯ ರೈಲ್ವೆ ಸ್ಟೇಷನ್ನಿನ ಹಿಂದೆ ನಮ್ಮ ಮನೆ ಇತ್ತು. ಈಗ ಅಲ್ಲಿ ಟೈರಿನ ಅಂಗಡಿ ಇದೆ. ಎರಡು ಖೋಲಿ, ಮೇಲೆ ಮಣ್ಣಿನ ಮಾಳಿಗೆ. ರೈಲು ಹೋದಾಗಲೆಲ್ಲ ಮಾಳಿಗೆಯಿಂದ ಮಣ್ಣು ಉದುರಿ ರೊಟ್ಟಿಯ ಮೇಲೆ ಬೀಳುತ್ತಿತ್ತು, ಅವ್ವ ರೈಲಿಗೇ ಬೈಯುತ್ತಿದ್ದಳು. ಗೋಡೆಗೆ ಬುದ್ಧನ ಫೋಟೊ, ಅದರ ಕೆಳಗೆ ಮುತ್ಯಾನ ಹಾಸಿಗೆ. ಮುತ್ಯಾ ಅಂದರೆ ಅಪ್ಪನ ಅಪ್ಪ, ಪಲ್ಟನ್ನಿನಲ್ಲಿ ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದವನು. ನಿವೃತ್ತಿ ಎಲ್ಲಿಯದು! ಬೆಳಿಗ್ಗೆ ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚದೆ ಚಹಾ ಮುಟ್ಟುತ್ತಿರಲಿಲ್ಲ. ಭಾನುವಾರ ಹಳೆಯ ಕೋಟು ಹೊರಗೆ ತೆಗೆದು, ಹುಣಸೆಹಣ್ಣು ಬೂದಿ ಹಚ್ಚಿ ಹಿತ್ತಾಳೆಯ ಗುಂಡಿಗಳನ್ನು ತಿಕ್ಕುತ್ತಿದ್ದ. ಎದೆಯ ಮೇಲಿನ ಮೂರು ಬಿಲ್ಲೆಗಳನ್ನು ನನ್ನ ಕೈಗೆ ಕೊಟ್ಟು, "ಇವ್ನ ನೀ ತಿಕ್ಕು, ನಿನ್ನ ಬೆರಳ ಸಣ್ಣವು" ಅನ್ನುತ್ತಿದ್ದ. ಒದ್ದೆ ಹುಣಸೆಯ ವಾಸನೆ, ಬಿಸಿಲು, ದೂರದಲ್ಲಿ ಶಂಟಿಂಗ್ ಮಾಡುವ ಎಂಜಿನ್ನಿನ ಸದ್ದು. ಮುತ್ಯಾನಷ್ಟು ಎತ್ತರದ ಮನುಷ್ಯ ಭಾಲ್ಕಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ತಿಳಿದಿದ್ದೆ. ಅವನು ನನ್ನ ಅವ್ವನಿಗಿಂತ ನಾಲ್ಕು ಬೆರಳು ಮಾತ್ರ ಎತ್ತರವಿದ್ದ ಎಂಬುದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು.

ಅಪ್ಪ ಟೂರಿಂಗ್ ಟಾಕೀಸಿನ ಆಪರೇಟರ್. ಎಲ್ಲರೂ ಅವನನ್ನು ಮಾಣಿಕ ಆಪರೇಟರ್ ಅನ್ನುತ್ತಿದ್ದರು. ಒಂದೂರಿನಲ್ಲಿ ಕೆಲವು ವಾರ ಡೇರೆ ಹಾಕಿ ಸಿನಿಮಾ ತೋರಿಸಿ, ಕಿತ್ತುಕೊಂಡು ಮುಂದಿನ ಊರಿಗೆ ಹೋಗುವ ಕೆಲಸ. ಔರಾದ, ಭಾಲ್ಕಿ, ನಡುವೆ ಜಾತ್ರೆ ಸಂತೆಗಳು. ಹೊಸ ಪಿಚ್ಚರು ನಮ್ಮ ಪಾಲಿಗೆ ಎಲ್ಲಿ ಬರಬೇಕು? ಶಹರಗಳೆಲ್ಲ ನೋಡಿ ಬಿಟ್ಟ ಹತ್ತು ಹದಿನೈದು ವರ್ಷದ ಪ್ರಿಂಟುಗಳು, ಮೈತುಂಬ ಗೀರು ಬಿದ್ದು, ಮಳೆ ಹೊಡೆದ ಹಾಗೆ ಕಾಣುವಂಥವು, ನಮ್ಮ ಡೇರೆಗೆ ಬರುತ್ತಿದ್ದವು. ನನಗೆ ಹತ್ತು ವರ್ಷವಾಗಿದ್ದಾಗಿನ ಬೇಸಿಗೆಯಲ್ಲಿ ಹಾಗೆ ಬಂದದ್ದು ಪಲ್ಟನ್ನಿನ ಮೇಲೆ ಮಾಡಿದ ಒಂದು ಹಿಂದಿ ನಗೆಚಿತ್ರ. ಅದರ ಹೆಸರು ನಾನು ಹೇಳುವುದಿಲ್ಲ. ಅವರು ನಮ್ಮವನಿಗೆ ಹೆಸರು ಇಟ್ಟಿದ್ದರೆ ನಾನೂ ಅವರ ಪಿಚ್ಚರಿನ ಹೆಸರು ಹೇಳುತ್ತಿದ್ದೆ.

ಆಗ ಡೇರೆ ಔರಾದದಲ್ಲಿತ್ತು. ಶಾಲೆಗೆ ಸೂಟಿ, ಅಲ್ಲೇ ಇದ್ದ ನನ್ನ ಚಿಗವ್ವನ ಮನೆಯಲ್ಲಿ ಉಳಿದು ನಾನು ದಿನಾ ಆಟ ನೋಡುತ್ತಿದ್ದೆ. ಪಿಚ್ಚರಿನ ಪಲ್ಟನ್ನಿನಲ್ಲಿ ಎಲ್ಲರೂ ಇದ್ದರು. ಮೀಸೆ ತಿರುವುವ ಸರ್ದಾರಜಿ, ಮೀನಿನ ಕನಸು ಕಾಣುವ ಬಂಗಾಲಿ, ಲುಂಗಿ ಎತ್ತಿ ಕಟ್ಟಿ ಹಿಂದಿ ಕೆಡಿಸುವ ಮದ್ರಾಸಿ, ಹೆಂಡತಿಗೆ ಹೆದರುವ ಪಠಾಣ. ಅವರನ್ನೂ ನೋಡಿ ಜನ ನಗುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಅವರಿಗೆ ಒಂದೊಂದು ಹೆಸರಿತ್ತು, ಒಂದೊಂದು ಹಾಡಿತ್ತು. ಇನ್ನೊಬ್ಬನಿದ್ದ, ಮೂರನೇ ರೀಲಿನಲ್ಲಿ ಒಂದು ನಿಮಿಷ ಮಾತ್ರ ಬರುವವನು, ಕೈಯಲ್ಲಿ ಬಾಲ್ಟಿ ಹಿಡಿದು ಬರುವ ಕಪ್ಪನೆಯ ಸಿಪಾಯಿ. ಅವನನ್ನು ಎಲ್ಲರೂ ಕರೆಯುವುದೇ "ಏ ಬಾಲ್ಟಿ!" ಅಂತ. ಅವನ ಜಾತಿ ಯಾವುದೆಂದು ಯಾರೂ ಹೇಳುವುದಿಲ್ಲ. ಹೇಳುವ ಗರಜೂ ಇರಲಿಲ್ಲ. ಅವನು ಹತ್ತಿರ ಬಂದರೆ ಉಳಿದವರು ಮೂಗು ಹಿಡಿದು ಹಿಂದೆ ಸರಿಯುತ್ತಾರೆ, ಅವನು ಗಾಬರಿಯಾಗಿ ಜಾರಿ ಕೆಸರಿನಲ್ಲಿ ಬೀಳುತ್ತಾನೆ, ಬಾಲ್ಟಿ ಅವನ ತಲೆಯ ಮೇಲೆ ಕೂರುತ್ತದೆ. ಕೊನೆಗೆ ಬಾಲ್ಟಿ ಸರಿಸಿ, ಕೆಸರುಮುಖ ಎತ್ತಿ ಹಲ್ಲು ಕಿರಿಯುತ್ತಾನೆ. ಅಷ್ಟೇ ಅವನ ಪಾಲು. ಡೇರೆ ಬಿದ್ದು ಬಿದ್ದು ನಗುತ್ತಿತ್ತು. ಮೊದಲ ದಿನ ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಚಿಗವ್ವ ನೀರು ತರಲು ಕಳಿಸಿದಳು. ಬಾವಿಯ ಹತ್ತಿರ ಇದ್ದ ಹುಡುಗಿಯರು ನನ್ನನ್ನು, ನನ್ನ ಕೈಯಲ್ಲಿದ್ದ ಬಾಲ್ಟಿಯನ್ನು ನೋಡಿದರು. ನಾವು ಯಾವ ಓಣಿಯವರು ಅನ್ನುವುದು ಅವರಿಗೆ ಗೊತ್ತೇ ಇತ್ತು. ಒಬ್ಬಳು ಮೂಗು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದು, "ಏ ಬಾಲ್ಟಿ!" ಅಂದಳು. ಥೇಟ್ ಪಿಚ್ಚರಿನ ಹಾಗೆ. ಉಳಿದವರೆಲ್ಲ ಹೋ ಎಂದು ನಕ್ಕರು. ನಾನು ಅವಳ ಕೈ ಕಚ್ಚಿದೆ, ಬಿಡಿಸಲು ಇಬ್ಬರು ಬರಬೇಕಾಯಿತು. ಆದರೆ ಹೆಸರು ಅಂಟಿಕೊಂಡಿತು. ಆ ವಾರವೆಲ್ಲ ಔರಾದದಲ್ಲಿ ನಾನು ಬಾಲ್ಟಿ. ಸಂಜೆ ಮೂರನೇ ರೀಲು ಬಂದಾಗ ನಾನು ಡೇರೆಯ ಹೊರಗೆ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಆ ನಗು ಬೆರಳ ಸಂದಿನಲ್ಲಿ ನುಗ್ಗಿ ಬರುತ್ತಿತ್ತು.

ಡೇರೆ ಭಾಲ್ಕಿಗೆ ಬಂತು. ಮೈಕು ಕಟ್ಟಿದ ಜಟಕಾ ಗಾಡಿ ಓಣಿಯಲ್ಲಿ ಪಿಚ್ಚರಿನ ಹೆಸರು ಕೂಗುತ್ತ ಹೋದಾಗ ಮುತ್ಯಾ ಗುಂಡಿ ತಿಕ್ಕುವುದನ್ನು ನಿಲ್ಲಿಸಿದ. ಜನ್ಮದಲ್ಲಿ ಪಿಚ್ಚರು ನೋಡದವನು, ಮಗನ ಡೇರೆಗೆ ಒಮ್ಮೆಯೂ ಕಾಲಿಡದವನು, "ನಾಳಿ ಸಂಜಿ ನಾನೂ ಬರ್ತೇನಿ. ಮೆಹಕರಿಗಿ ಸುದ್ದಿ ಕಳಸ್ರಿ, ಅನಸೂಬಾಯಿನ್ನ ಕರಸ್ರಿ" ಅಂದ. ಯಾಕೆ ಎಂದು ಅವ್ವ ಕೇಳಿದರೆ, "ಪಲ್ಟನ್ನಿಂದು ಪಿಚ್ಚರ್ ಅದ, ನೋಡ್ಬೇಕು" ಅಂದು ಮತ್ತೆ ಗುಂಡಿ ತಿಕ್ಕತೊಡಗಿದ. ಅನಸೂಬಾಯಿ ಮೆಹಕರದ ಹೆಂಗಸು, ಮುತ್ಯಾನ ಜೊತೆ ಪಲ್ಟನ್ನಿನಲ್ಲಿದ್ದ ಧೋಂಡಿಬಾ ಎಂಬವನ ಹೆಂಡತಿ. ಧೋಂಡಿಬಾ ಹಿಮದ ಗಡಿಯಲ್ಲಿ ಲಡಾಯಿಗೆ ಹೋದವನು ತಿರುಗಿ ಬಂದಿರಲಿಲ್ಲ. ನಾಪತ್ತೆ ಎಂದು ಕಾಗದ ಬಂದಿತ್ತು, ಹೆಣ ಬಂದಿರಲಿಲ್ಲ. ಆಕೆ ಹಸಿರು ಬಳೆ ಒಡೆಯಲಿಲ್ಲ. ಊರವರು ಏನೆಂದರೂ, "ನಾಪತ್ತಿ ಅಂದ್ರ ಸತ್ತಂಗ ಅಲ್ಲರಿ" ಎಂದು ಒಂದೇ ಮಾತು ಹೇಳುತ್ತಿದ್ದಳಂತೆ. ವರ್ಷಕ್ಕೊಮ್ಮೆ ನಮ್ಮ ಮನೆಗೆ ತೊಗರಿಬೇಳೆ ತಂದುಕೊಟ್ಟು, ಮೊಳಕೈವರೆಗಿನ ಬಳೆ ಸದ್ದು ಮಾಡುತ್ತ ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದಳು.

ನನಗೆ ಅವಳ ಚಿಂತೆ ಇರಲಿಲ್ಲ. ಮುತ್ಯಾ ಕೋಟಿಗೆ ಇಸ್ತ್ರಿ ಮಾಡಿಸುತ್ತಿದ್ದ. ಮೂರು ಬಿಲ್ಲೆ ಹಾಕಿಕೊಂಡು ಡೇರೆಯ ನಡುವೆ ಕೂರುತ್ತಾನೆ, ತೆರೆಯ ಮೇಲೆ ಬಾಲ್ಟಿ ಬೀಳುತ್ತಾನೆ, ಇಡೀ ಭಾಲ್ಕಿ ತೆರೆಯನ್ನೊಮ್ಮೆ ಮುತ್ಯಾನ ಮುಖವನ್ನೊಮ್ಮೆ ನೋಡಿ ನಗುತ್ತದೆ. ಇದೊಂದೇ ನನ್ನ ಕಣ್ಣ ಮುಂದೆ. ಬೆಳಿಗ್ಗೆ ಎದ್ದವಳೇ ಡೇರೆಗೆ ಓಡಿದೆ. ಅಪ್ಪ ಬೇವಿನ ಮರದ ಕೆಳಗೆ ರೀಲು ಸುತ್ತುತ್ತ ಕೂತಿದ್ದ.

"ಅಪ್ಪಾ, ಬಾಲ್ಟಿದು ತಗದ್ ಬಿಡು" ಅಂದೆ.

"ಹುಚ್ಚಿ, ಪ್ರಿಂಟ್ ನಮ್ದಲ್ಲ."

"ರೈಲಿನ ಟೈಮಿಗಿ ತಗೀತಿ. ಮುತ್ಯಾಗ ತಗಿಯಲ್ಲೇನು?"

ಅದು ನಿಜವೇ ಆಗಿತ್ತು. ಭಾಲ್ಕಿಯಲ್ಲಿ ಬೀದರಿನ ಪ್ಯಾಸೆಂಜರ್ ಬರುವ ಮೊದಲು ಆಟ ಮುಗಿಯಬೇಕು, ಇಲ್ಲದಿದ್ದರೆ ಅರ್ಧ ಡೇರೆ ಎದ್ದು ಓಡುತ್ತದೆ. ಅದಕ್ಕೆ ಅಪ್ಪ ಅಲ್ಲೊಂದು ಇಲ್ಲೊಂದು ದೃಶ್ಯ ಕತ್ತರಿಸಿ ತೆಗೆದು, ಊರು ಬಿಡುವಾಗ ಮತ್ತೆ ಅಂಟಿಸಿ ಕೊಡುತ್ತಿದ್ದ. ಎಲ್ಲ ಟೂರಿಂಗ್ ಆಪರೇಟರುಗಳ ಪದ್ಧತಿ ಅದು. ಅಪ್ಪ ಕೈಯಲ್ಲಿದ್ದ ರೀಲು ಕೆಳಗಿಟ್ಟ. ಔರಾದದಲ್ಲಿ ಆ ಒಂದು ನಿಮಿಷ ಅವನೂ ತೆರೆಯ ಕಡೆ ನೋಡದೆ ನೆಲ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. ಆಮೇಲೆ ಮೂರನೇ ರೀಲು ತೆಗೆದು, ಬಿಸಿಲಿಗೆ ಹಿಡಿದು ಹುಡುಕಿ, ಬ್ಲೇಡಿನಿಂದ ಎರಡು ಕಡೆ ಕೊಯ್ದ. ಬಾಲ್ಟಿಯ ಪಟ್ಟಿ ಸುರುಳಿಯಾಗಿ ಅವನ ಮಡಿಲಿಗೆ ಬಿತ್ತು. ನನಗೆ ಗೆದ್ದ ಹಾಗಾಯಿತು. ಕುಣಿಯುತ್ತ ಮನೆಗೆ ಬಂದೆ.

ಸಂಜೆ ಮುತ್ಯಾ ಬಂದ. ಗುಂಡಿ ಮಿಂಚುತ್ತಿದ್ದವು, ಬಿಲ್ಲೆ ಮಿಂಚುತ್ತಿದ್ದವು. ಕಿಸಕ್ಕೆಂದು ನಕ್ಕವರೂ ಇದ್ದರು, ಎದ್ದು ನಮಸ್ಕಾರ ಮಾಡಿದವರೂ ಇದ್ದರು. ಅನಸೂಬಾಯಿ ಹೆಂಗಸರ ಕಡೆ ಹೋಗದೆ, ಸೆರಗು ಹಣೆವರೆಗೆ ಎಳೆದುಕೊಂಡು ಮುತ್ಯಾನ ಪಕ್ಕದಲ್ಲೇ ಕೂತಳು. ನಡುವೆ ನಾನು. ಆಕೆ ಮತ್ತೆ ಮತ್ತೆ ಸೆರಗು ಸರಿಪಡಿಸಿಕೊಳ್ಳುವಾಗ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮೊದಲ ರೀಲು ಮುಗಿಯಿತು, ದೀಪ ಹತ್ತಿತು, ಆರಿತು. ನಮ್ಮದು ಒಂದೇ ಮಷಿನ್ನು, ರೀಲು ಬದಲಿಸುವಾಗ ಪ್ರತಿಸಲ ಆಟ ನಿಲ್ಲುತ್ತಿತ್ತು. ಎರಡನೇ ರೀಲು ಶುರುವಾಗಿ ಸರ್ದಾರಜಿ ಹಾಡತೊಡಗಿದಾಗ ಅನಸೂಬಾಯಿ ತಡೆಯಲಾರದೆ, "ದಾದಾ, ಯಾವಾಗ ಬರ್ತಾರರಿ?" ಅಂದಳು.

"ಬರ್ತಾನ ತಂಗಿ, ಇನ್ನ ಬರ್ತಾನ. ಬಾಲ್ಟಿ ಹಿಡಕೊಂಡ್ ಬರ್ತಾನ" ಅಂದ ಮುತ್ಯಾ.

"ಯಾರ ಮುತ್ಯಾ?" ಅಂದೆ.

ಮುತ್ಯಾ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ. ಅವರ ಪಲ್ಟನ್ನಿದ್ದ ದಂಡಿನ ಛಾವಣಿಗೆ ಮುಂಬೈಯಿಂದ ಪಿಚ್ಚರಿನವರು ಬಂದಿದ್ದರು. ಸರ್ದಾರಜಿ, ಬಂಗಾಲಿ, ಪಠಾಣ ಎಲ್ಲ ಬಣ್ಣ ಬಳಿದ ನಟರು. ಬಾಲ್ಟಿ ಹಿಡಿಯುವವನು ಒಬ್ಬ ಕಡಿಮೆ ಬಿದ್ದ. ಪಲ್ಟನ್ನಿನ ಸಾಹೇಬ ಮುತ್ಯಾ, ಧೋಂಡಿಬಾ ನಿಂತಿದ್ದ ಸಾಲಿನ ಕಡೆ ಬೊಟ್ಟು ಮಾಡಿದ. ಪಲ್ಟನ್ನಿನಲ್ಲಿ ಗುರಿ ಹೊಡೆಯುವುದರಲ್ಲಿ ಮೊದಲಿಗನಾಗಿದ್ದ ಧೋಂಡಿಬಾನ ಬಂದೂಕು ಬಿಡಿಸಿ ಕೈಗೆ ಬಾಲ್ಟಿ ಕೊಟ್ಟರು. ಕೆಸರಿನಲ್ಲಿ ಏಳು ಸಲ ಬೀಳಿಸಿದರು. "ಇದರಾಗ ಖರೇ ಸಿಪಾಯಿ ಅಂವ ಒಬ್ಬನೇ" ಅಂದ ಮುತ್ಯಾ. "ಈಕಿ ಹತ್ರ ಅಂವಂದು ಒಂದ ಫೋಟೊ ಸುದ್ದಾ ಇಲ್ಲ. ಲಗ್ನಾದ ಮ್ಯಾಗ ಎರಡ ಸಲ ಸೂಟಿಗಿ ಬಂದಿದ್ದ, ಅಷ್ಟೇ ಕಂಡಾಳ. ಮಾರಿ ಮರತ ಹೋಗ್ಲಿಕತ್ತದ ದಾದಾ ಅಂತ ಅಳತಾಳ."

ಎದ್ದು ಓಡಿದೆ. ಯಾರ ಕಾಲು ತುಳಿದೆನೋ, ಯಾರು ಬೈದರೋ ಗೊತ್ತಿಲ್ಲ. ಡೇರೆಯ ಹಿಂದೆ ಅಪ್ಪನ ತಗಡಿನ ಕೋಣೆ. ಒಳಗೆ ಕುಲುಮೆಯಷ್ಟು ಕಾವು. ನಾನು ಅಳುತ್ತ ಹೇಳಿದ್ದು ಅವನಿಗೆ ತಿಳಿಯಲು ಎರಡು ಸಲ ಹೇಳಬೇಕಾಯಿತು. ತಿಳಿದದ್ದೇ ಅವನು ಮಷಿನ್ನಿನಲ್ಲಿ ರೀಲು ಎಷ್ಟು ಉಳಿದಿದೆ ಎಂದು ನೋಡಿದ. ಎರಡನೇ ರೀಲು ಅರ್ಧಕ್ಕಿಂತ ಹೆಚ್ಚು ಓಡಿತ್ತು. ಮಷಿನ್ನಿನ ದೀಪವೆಂದರೆ ಎರಡು ಕಾರ್ಬನ್ ಕಡ್ಡಿಗಳ ನಡುವಿನ ಬೆಂಕಿ. ಕಡ್ಡಿ ಉರಿದ ಹಾಗೆ ತಿರುಪು ತಿರುಗಿಸಿ ಹತ್ತಿರ ತರುತ್ತಿರಬೇಕು, ಇಲ್ಲದಿದ್ದರೆ ತೆರೆ ಹಳದಿಯಾಗಿ ಕತ್ತಲಾಗುತ್ತದೆ. ಬಿಟ್ಟು ಕದಲುವ ಹಾಗಿಲ್ಲ.

"ಸುಮ್ಮಿ, ತಿರುಪ ಹಿಡಿ. ಬೆಳಕ ನೋಡು, ಕೈ ನೋಡಬ್ಯಾಡ. ಹಳದಿ ಆದ್ರ ಒಂದ ಎಳಿ ತಿರಗ್ಸು."

ನಾನು ಹಿಡಿದೆ. ಬೆನ್ನ ಹಿಂದೆ ಅಪ್ಪ ಮೂರನೇ ರೀಲು ಬಿಚ್ಚಿ, ಬೆಳಿಗ್ಗೆ ಹಾಕಿದ ಅಂಟು ಕಿತ್ತು, ಅಂಚು ಕೆರೆದು, ಹೊಸ ಅಂಟು ಹಚ್ಚಿ ಬೆರಳಿನಿಂದ ಒತ್ತಿ ಹಿಡಿದ. ಸಣ್ಣಗೆ ಎಣಿಸುವುದು ಕೇಳುತ್ತಿತ್ತು. ಒಂದು ತುದಿ ಕೂಡಿತು. ಇನ್ನೊಂದು ತುದಿ ಹಿಡಿಯುವಷ್ಟರಲ್ಲಿ ಎರಡನೇ ರೀಲು ಮುಗಿದು ತೆರೆ ಬೆಳ್ಳಗಾಯಿತು. ಸೀಟಿ, ಕೂಗು. ಹೊರಗಿನಿಂದ ಡೇರೆಯ ಮಾಲೀಕ ಸೇಠಜಿ, "ಏ ಮಾಣಿಕ್, ಕ್ಯಾ ಹೋರಾ ರೇ? ಗಾಡಿ ಕಾ ಟೈಮ್ ಹೈ!" ಎಂದು ತಗಡಿಗೆ ಗುದ್ದಿದ. ಎರಡನೇ ಅಂಟು ಇನ್ನೂ ಹಸಿ ಇತ್ತು. ಅಪ್ಪ ಅದನ್ನು ಬಾಯಿಂದ ಊದಿದ, ಅಂಗಿಯಿಂದ ಗಾಳಿ ಹಾಕಿದ. ಇನ್ನೊಂದು ಗುದ್ದು ಬಿತ್ತು. "ಆಗಲಿ" ಎಂದು ರೀಲು ಏರಿಸಿದ.

ನಾನು ಸಣ್ಣ ಕಿಂಡಿಗೆ ಕಣ್ಣು ಹಚ್ಚಿದೆ. ಬಂದ, ಬಾಲ್ಟಿ ಹಿಡಿದು ಬಂದ. ಔರಾದದಲ್ಲಿ ಒಂದು ವಾರ ನಾನು ದ್ವೇಷಿಸಿದ ಮನುಷ್ಯನನ್ನು ಅವತ್ತು ಮೊದಲ ಸಲ ನೋಡಿದೆ. ಗಾಬರಿಯ ನಟನೆ ಅವನಿಗೆ ಬರುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಎದೆ ಮುಂದೆ, ಬಾಲ್ಟಿಯನ್ನು ಬಂದೂಕಿನ ಹಾಗೆ ಹಿಡಿದು ಕವಾಯತಿನ ಹೆಜ್ಜೆಯಲ್ಲೇ ನಡೆಯುತ್ತಿದ್ದ. ಉಳಿದವರು ಮೂಗು ಹಿಡಿದರು. ಅವನು ಜಾರಿದ, ಬಿದ್ದ. ಡೇರೆ ಕಿತ್ತು ಹೋಗುವಂತೆ ನಕ್ಕಿತು. ಆ ನಗುವಿನ ನಡುವೆ ಒಂದು ಎಳೆಯ ಹಾಗೆ ಅನಸೂಬಾಯಿ ಎದ್ದು ನಿಂತದ್ದು ಕಂಡಿತು. ಸೆರಗು ತಲೆಯಿಂದ ಜಾರಿತ್ತು. ಅವನು ತಲೆಯ ಮೇಲಿನ ಬಾಲ್ಟಿ ಸರಿಸಿದ, ಕೆಸರುಮುಖ ಎತ್ತಿ ನಕ್ಕ. ಅಷ್ಟರಲ್ಲಿ ಹಸಿ ಅಂಟು ಬಿಟ್ಟುಕೊಂಡಿತು. ಪಟ್ಟಿ ಸಿಕ್ಕಿಬಿದ್ದು ಮಷಿನ್ನು ಕಟಕಟ ಅಂದಿತು, ಚಿತ್ರ ಅಲ್ಲೇ ನಿಂತಿತು. ಡೇರೆಯಷ್ಟು ಎತ್ತರಕ್ಕೆ ಧೋಂಡಿಬಾನ ಮುಖ.

ನಿಂತ ಫಿಲ್ಮಿನ ಮೇಲೆ ಆ ಬೆಂಕಿಯ ಬೆಳಕು ಬಿಡಬಾರದು, ತಕ್ಷಣ ಮುಚ್ಚಳ ಇಳಿಸಬೇಕು. ಆಪರೇಟರನಿಗೆ ಅದು ರೆಪ್ಪೆ ಬಡಿದಷ್ಟು ಸಹಜ. ಅಪ್ಪನ ಕೈ ಮುಚ್ಚಳದ ಹಿಡಿಕೆಯ ಮೇಲೇ ಇತ್ತು. ಅವನು ಇಳಿಸಲಿಲ್ಲ. ನಾನು ನೋಡಿದೆ, ಅವನು ಬೇಕೆಂದೇ ಇಳಿಸಲಿಲ್ಲ. ಇನ್ನೊಂದು ಕ್ಷಣ ನೋಡಿಕೊಳ್ಳಲಿ ಎಂದುಕೊಂಡಿರಬೇಕು. ನಗು ತಟ್ಟನೆ ನಿಂತು ಡೇರೆ ಸ್ತಬ್ಧವಾಗಿತ್ತು. ಆ ಮೌನದಲ್ಲಿ ಅನಸೂಬಾಯಿಯ ದನಿ ತಗಡಿನ ಕೋಣೆಯವರೆಗೆ ಕೇಳಿತು. "ದಾದಾ, ಹಲ್ಲ ಹಂಗೇ ಅದಾವ ನೋಡ್ರಿ." ಮದುವೆಯ ಹೆಣ್ಣಿನ ದನಿ ಅದು. ಮರುಗಳಿಗೆ ಆ ಹಲ್ಲಿನ ಹತ್ತಿರ ಒಂದು ಕಂದು ಚುಕ್ಕೆ ಮೂಡಿತು. ಗುಳ್ಳೆ ಎದ್ದಿತು, ಹರಡಿತು, ಬಾಯಿ, ಮೂಗು, ಕಣ್ಣು. "ಸುಡಬ್ಯಾಡ್ರೋ! ಅವರ್ನ ಸುಡಬ್ಯಾಡ್ರೋ!" ಎಂದು ಆಕೆ ಚೀರಿದಳು. ಅಪ್ಪ ಮುಚ್ಚಳ ಇಳಿಸಿದಾಗ ತೆರೆಯ ಮೇಲೆ ಬರೀ ಬಿಳಿ ತೂತು ಉಳಿದಿತ್ತು.

ಬೆಳಿಗ್ಗೆ ಅನಸೂಬಾಯಿ ನಮ್ಮ ಪಡಸಾಲೆಗೆ ಬಂದಾಗ ನಾನು ಬಿಲ್ಲೆ ತಿಕ್ಕುತ್ತ ಕೂತಿದ್ದೆ. ಸದ್ದಿಲ್ಲದೆ ಬಂದಳು, ಅದಕ್ಕೇ ತಲೆ ಎತ್ತಿದೆ. ಮೊಳಕೈವರೆಗೆ ಎರಡೂ ಕೈ ಬೋಳು. ಅವ್ವ ರೊಟ್ಟಿ ಬಿಟ್ಟು ಓಡಿ ಬಂದು ಅಪ್ಪಿಕೊಂಡಳು. ಆಕೆ ಅಳಲಿಲ್ಲ. "ಇಷ್ಟ ದಿನ ಯಾರೂ ತೋರ್ಸಿರಲಿಲ್ಲರಿ ಅಕ್ಕಾ" ಅಂದಳು, ಅಷ್ಟೇ. ಅಪ್ಪ ತಲೆ ತಗ್ಗಿಸಿ, ಸುಡದೆ ಉಳಿದ ಚಿತ್ರಗಳನ್ನು ಕತ್ತರಿಸಿ ಮುಂದಿಟ್ಟ. "ಒಂದ ಸಾಕ್ರಿ" ಎಂದು ಉಗುರಿನಷ್ಟು ಚಿತ್ರವೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೆಹಕರದ ಬಸ್ಸು ಹತ್ತಿದಳು. ಹಾಗೆ ನೋಡಿದರೆ ಹಿಂದಿನ ಸಂಜೆಯವರೆಗೆ ಆಕೆಯ ಗಂಡ ಬದುಕಿದ್ದ. ನಮ್ಮ ಮರ್ಯಾದೆ ಉಳಿಸಲು ಹೋಗಿ ಅವನನ್ನು ಮುಗಿಸಿದವಳು ನಾನು. ಇದನ್ನು ಯಾರೂ ನನಗೆ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುತ್ಯಾನನ್ನು ಒಂದು ಸಲ ಕೇಳಿದ್ದೆ, ಅಷ್ಟು ಜನ ನಗುವಾಗ ನಿನಗೆ ಸಿಟ್ಟು ಬರಲಿಲ್ಲವಾ ಎಂದು. "ನಗಲಿ ತಗೋ. ಅಂವ ನಗಸ್ಲಿಕ್ಕೇ ಬಿದ್ದಿದ್ದ. ಇಂವ ಯಾರು ಅಂತ ಒಬ್ಬರರ ಕೇಳಬೇಕಿತ್ತು" ಅಂದ. ಅಪ್ಪ ಆ ಪಟ್ಟಿಯನ್ನು ಮತ್ತೆ ಅಂಟಿಸಲಿಲ್ಲ. ಪ್ರಿಂಟು ಬಾಲ್ಟಿ ಇಲ್ಲದೆಯೇ ವಾಪಸು ಹೋಯಿತು. ಮುತ್ಯಾ ಹೋದ, ಡೇರೆ ಹೋಯಿತು, ಮನೆ ಹೋಯಿತು. ಅನಸೂಬಾಯಿ ಹೋದದ್ದು ನನಗೆ ಎಷ್ಟೋ ದಿನಗಳ ಮೇಲೆ ಗೊತ್ತಾಯಿತು. ಆ ಪಿಚ್ಚರು ಮಾತ್ರ ಹೋಗಿಲ್ಲ. ಪ್ರಜ್ಞಾ ಮೊಬೈಲಿನಲ್ಲಿ ಹುಡುಕಿಕೊಟ್ಟಳು. ಸರ್ದಾರಜಿ ಇದ್ದಾನೆ, ಬಂಗಾಲಿ ಇದ್ದಾನೆ, ಪಠಾಣನ ಹಾಡಿಗೆ ಈಗಲೂ ಜನ ಮೆಚ್ಚಿ ಬರೆಯುತ್ತಾರೆ. ಬಾಲ್ಟಿಯ ಆ ನಿಮಿಷ ಅದರಲ್ಲಿ ಇಲ್ಲ. ಯಾವ ಊರಿನ ಯಾವ ಆಪರೇಟರ್ ಯಾವ ರೈಲಿನ ಟೈಮಿಗೆ ಕತ್ತರಿಸಿದನೋ. ನೀವೂ ನೋಡಿರಬಹುದು, ನಕ್ಕಿರಬಹುದು. ನಿಮಗೆ ಅಲ್ಲೊಬ್ಬ ಕಡಿಮೆ ಇದ್ದಾನೆ ಅನ್ನಿಸಿರಲಿಕ್ಕಿಲ್ಲ.

ಡಬ್ಬಿಯಲ್ಲಿದ್ದ ಪಟ್ಟಿ ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಪುಡಿಯಾಯಿತು. ತುದಿಯಲ್ಲಿ ಒಂದು ಗೇಣು ಮಾತ್ರ ಬಿಟ್ಟುಕೊಂಡಿತು. ಪ್ರಜ್ಞಾ ಮೊಬೈಲಿನ ಟಾರ್ಚ್ ಹಚ್ಚಿ ಹಿಂದಿನಿಂದ ಹಿಡಿದಳು. ಮೊದಲು ಬರೀ ಕಂದು ಕಲೆ. ಆಮೇಲೆ ಒಂದು ಕೈ ಕಂಡಿತು, ಕೈಯಲ್ಲಿ ಬಾಲ್ಟಿ. ನೆಟ್ಟಗಿನ ಬೆನ್ನು, ಕವಾಯತಿನ ಹೆಜ್ಜೆ.

"ಯಾರಜ್ಜಿ ಇಂವ?" ಅಂದಳು.

"ಧೋಂಡಿಬಾ. ಮೆಹಕರದಂವ. ಪಲ್ಟನ್ನಿನ್ಯಾಗ ಸಿಪಾಯಿ ಇದ್ದ" ಅಂದೆ. ಹೇಳುತ್ತಲೇ ನನ್ನ ಕೈ ತಾನಾಗಿ ಮೇಲೆದ್ದು ಆ ಬೆಳಕಿಗೆ ಅಡ್ಡ ಬಂತು. "ಸಾಕು, ಲೈಟ್ ತಗಿ ಅವ್ವಿ. ಕಾಯ್ತದ."

"ಇದು ಕಾಯಲ್ಲಜ್ಜಿ. ಮುಟ್ಟಿ ನೋಡು."

ಮುಟ್ಟಿದೆ. ತಣ್ಣಗಿತ್ತು.

"ಹಂಗಾದ್ರ ಇನ್ನೊಂದಿಷ್ಟು ಹೊತ್ತು ಹಿಡಿ" ಅಂದೆ.